ಹ್ಯಾಟು ಹಾಕಿಕೊಂಡು ಹೊರಟವರು

ವಿಜಯನಗರದ ಒಂದು ಕಾಲೇಜಿನಲ್ಲಿ ನಾನು ಇತಿಹಾಸದ ಅತಿಥಿ ಉಪನ್ಯಾಸಕಿ. ಕನ್ನಡ ಮಾಧ್ಯಮದ ಬಿ.ಎ. ಮಕ್ಕಳಿಗೆ ಎರಡು ಮಹಾಯುದ್ಧಗಳ ನಡುವಿನ ಅಮೆರಿಕದ ಬಗ್ಗೆ ನೋಟ್ಸ್ ಬರೆದುಕೊಡುವ ಕೆಲಸವನ್ನು ಕಳೆದ ವರ್ಷ ನಾನೇ ಮೈಮೇಲೆ ಎಳೆದುಕೊಂಡೆ. ನನಗೆ ಕನ್ನಡ ಟೈಪಿಂಗ್ ಬಾರದು, ನಮ್ಮ ಯಜಮಾನರಿಗೆ ಬರುತ್ತದೆ. ರಾಜಾಜಿನಗರದ ಕಡೆ ವಾಲ್ವ್ ತಯಾರಿಸುವ ಕಾರ್ಖಾನೆಯೊಂದರ ಸ್ಟೋರ್ಸಿನಲ್ಲಿ ಅವರು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಇದ್ದವರು. ಕಾರ್ಮಿಕ ಸಂಘದ ಕರಪತ್ರ ಟೈಪ್ ಮಾಡಿ ಮಾಡಿ ಕೈ ಪಳಗಿತ್ತು. ಸಂಜೆ ಕಾಫಿಯಾದ ಮೇಲೆ ನಾನು ಹೇಳುತ್ತಿದ್ದೆ, ಅವರು ಟೈಪ್ ಮಾಡುತ್ತಿದ್ದರು. ಅತ್ತೆ ಹಜಾರದಲ್ಲಿ ಧಾರಾವಾಹಿ ನೋಡುತ್ತಿದ್ದರು.

ಮೊದಮೊದಲು ಆ ಪಾಠ ನಮ್ಮಿಬ್ಬರಿಗೂ ಕಥೆಯ ಹಾಗಿತ್ತು. ಹೆಂಗಸರಿಗೆ ವೋಟು ಬಂದದ್ದು, ಮನೆಮನೆಗೆ ರೇಡಿಯೋ ಬಂದದ್ದು, ಹಳ್ಳಿ ಬಿಟ್ಟು ಜನ ಪಟ್ಟಣಕ್ಕೆ ನುಗ್ಗಿದ್ದು, ಹೆಂಡ ನಿಷೇಧಿಸಿದ ಮೇಲೂ ಕದ್ದು ಕುಡಿದದ್ದು. ಕಂತಿನ ಮೇಲೆ ಕಾರು, ಫ್ರಿಜ್ಜು ಕೊಳ್ಳುವ ಹುಚ್ಚಿನ ಬಗ್ಗೆ ಹೇಳಿದಾಗ ಅವರು, "ನಮ್ಮ ಮಾರೇನಹಳ್ಳಿ ಅಂಗಡಿ ಬೋರ್ಡ್ ಓದಿದ ಹಾಗೇ ಇದೆ ಕಣೇ" ಅಂದಿದ್ದರು.

ದಿನ ಕಳೆದ ಹಾಗೆ ಅವರ ಮಾತು ಕಡಿಮೆಯಾಯಿತು. ಹೇಳಿದ್ದನ್ನು ಸುಮ್ಮನೆ ಟೈಪ್ ಮಾಡುವರು. ಊಟವೂ ಇಳಿಯಿತು. ಸಕ್ಕರೆ ಕಾಯಿಲೆಯೋ, ಹೃದಯದ್ದೋ, ನನ್ನಿಂದ ಏನೋ ಮುಚ್ಚಿಡುತ್ತಿದ್ದಾರೆ ಎಂಬ ಹೆದರಿಕೆ ನನಗೆ ಹತ್ತಿಕೊಂಡಿತು. ಲ್ಯಾಬಿನ ಚೀಟಿ ಸಿಕ್ಕೀತೇನೋ ಎಂದು ಅವರ ಜೇಬು ನೋಡತೊಡಗಿದೆ. ಚೀಟಿ ಸಿಗಲಿಲ್ಲ. ಆದರೆ ಬಟ್ಟೆ ನೆನೆಹಾಕುವಾಗ ಒಂದು ದಿನ ಗಮನಿಸಿದೆ, ಶರ್ಟಿನಲ್ಲಿ ಗ್ರೀಸಿನ ವಾಸನೆಯೇ ಇರಲಿಲ್ಲ. ಮದುವೆಯಾದಂದಿನಿಂದ ಎಷ್ಟು ಒಗೆದರೂ ಹೋಗದೆ ಇದ್ದ ವಾಸನೆ ಅದು. ಕೇಳೋಣವೆಂದು ಎರಡು ಸಲ ಹೋಗಿ, ಕಾಫಿ ಬೇಕಾ ಎಂದಷ್ಟೇ ಕೇಳಿ ಬಂದೆ. ಕೇಳಿದರೆ ಏನು ಉತ್ತರ ಬರುತ್ತದೋ ಎಂದು ಭಯ.

ಹಾಗಿರುವಾಗ ನಮ್ಮ ಪಾಠ ಮಹಾ ಆರ್ಥಿಕ ಕುಸಿತಕ್ಕೆ ಬಂತು. ಬ್ಯಾಂಕು ಮುಳುಗಿದ್ದು, ಕಾರ್ಖಾನೆಗಳ ಬಾಗಿಲು ಮುಚ್ಚಿದ್ದು, ಗಂಜಿಗೆ ಜನ ಸಾಲು ನಿಂತದ್ದು ಹೇಳಿ ಮುಗಿಸಿದೆ. ಆಮೇಲೆ ಹೇಳಿದೆ, "ಕೆಲಸ ಹೋದ ಕೆಲವರು ಅದನ್ನು ಮನೆಯಲ್ಲಿ ತಿಳಿಸದೆ, ದಿನಾ ಬೆಳಿಗ್ಗೆ ಎಂದಿನಂತೆ ಟೋಪಿ ಹಾಕಿಕೊಂಡು ಹೊರಡುತ್ತಿದ್ದರು."

"ಟೋಪಿ ಹಾಕೋದು ಅಂದ್ರೆ ಮಕ್ಕಳು ಮೋಸ ಅಂತ ತಿಳ್ಕೋತಾರೆ. ಹ್ಯಾಟು ಅಂತ ಮಾಡ್ತೀನಿ" ಅಂದರು.

ಮಾಡಲಿಲ್ಲ. ಕೈ ಕೀಲಿಗಳ ಮೇಲೆಯೇ ನಿಂತಿತು.

"ಎಲ್ಲಿಗೆ ಹೋಗ್ತಿದ್ರು ಅವ್ರು?" ಎಂದು ಕೇಳಿದರು.

"ಪಾರ್ಕು, ಲೈಬ್ರರಿ, ರೈಲ್ವೆ ಸ್ಟೇಷನ್ನು. ಸಂಜೆವರೆಗೂ ಎಲ್ಲಾದ್ರೂ ಕೂತಿದ್ದು ಬರ್ತಿದ್ರು."

"ಹೆಂಡ್ತೀರಿಗೆ ಗೊತ್ತಾಗ್ತಿರಲಿಲ್ವಾ?"

ನಾನು ಅವರ ಮುಖ ನೋಡಿದೆ. ಅವರು ಪರದೆಯನ್ನೇ ನೋಡುತ್ತಿದ್ದರು. ಎದ್ದು ಹೋಗಿ ಕೋಣೆಯ ಬಾಗಿಲು ಹಾಕಿಕೊಂಡು ಬಂದೆ.

"ರೀ, ಎಷ್ಟು ದಿನ ಆಯ್ತು?"

"ಏಳು ವಾರ."

ಕಾರ್ಖಾನೆಯನ್ನು ಊರಾಚೆಗೆ ಸಾಗಿಸಿದ್ದರಂತೆ. ಹೊಸ ಜಾಗದಲ್ಲಿ ಸ್ಟೋರ್ಸಿನ ಲೆಕ್ಕವೆಲ್ಲ ಕಂಪ್ಯೂಟರಿಗೆ ಹೋಯಿತು, ಐವತ್ತು ದಾಟಿದವರಿಗೆ ಪತ್ರವನ್ನೂ ಒಂದಿಷ್ಟು ಪರಿಹಾರದ ದುಡ್ಡನ್ನೂ ಕೊಟ್ಟು ಕಳಿಸಿದರು. ಆ ದುಡ್ಡನ್ನೇ ಇವರು ಸಂಬಳವೆಂದು ಮನೆಗೆ ಕೊಡುತ್ತಿದ್ದರು. ಅಂದಿನಿಂದ ಇವರು ಹೊಸಹಳ್ಳಿ ಸ್ಟೇಷನ್ನಿನ ಬಳಿ ಸ್ಕೂಟರ್ ನಿಲ್ಲಿಸಿ ಮೆಟ್ರೋದಲ್ಲಿ ಕೆಂಗೇರಿ ಕಡೆಗೆ ಹೋಗಿ, ಅಲ್ಲಿಂದ ಬಸ್ಸು ಹಿಡಿದು ಉಲ್ಲಾಳದ ಹತ್ತಿರ ವಿಶ್ವವಿದ್ಯಾಲಯದ ಮರಗಳ ಕೆಳಗೆ ಕೂರುತ್ತಿದ್ದರು. ಡಬ್ಬಿಯ ಊಟ ಅಲ್ಲೇ. ನಡುವೆ ಎರಡು ಮೂರು ಕಡೆ ಕೆಲಸ ಕೇಳಿಯೂ ಬಂದಿದ್ದರು.

"ಮಳೆ ಬಂದಾಗ?"

"ಬಸ್ ಸ್ಟಾಪಲ್ಲಿ. ಮೆಟ್ರೋ ಒಳಗೆ ಜಾಸ್ತಿ ಹೊತ್ತು ಇದ್ರೆ ದಂಡ ಹಾಕ್ತಾರೆ."

ನನಗೆ ಸಿಟ್ಟು ಬಂತು. ಕೆಲಸ ಹೋದದ್ದಕ್ಕಲ್ಲ. ಅಷ್ಟು ದಿನ ಬೆಳಿಗ್ಗೆ ಎದ್ದು ಚಪಾತಿ ಲಟ್ಟಿಸಿ ಡಬ್ಬಿ ಕೈಗೆ ಕೊಟ್ಟವಳು ನಾನು. ಅದನ್ನು ಈಸಿಕೊಂಡು, "ಬರ್ತೀನಿ" ಎಂದು ನನ್ನ ಮುಖ ನೋಡಿಯೇ ಹೇಳಿ ಹೋಗುತ್ತಿದ್ದರಲ್ಲ. ಅದರ ಹಿಂದೆಯೇ ನಾಚಿಕೆಯಾಯಿತು. ಎಲ್ಲೋ ದೂರದ ದೇಶದ ನಿರುದ್ಯೋಗವನ್ನು ಮಕ್ಕಳಿಗೆ ಬಿಡಿಸಿ ಹೇಳುವವಳಿಗೆ ಎದುರಿಗೆ ಕೂತವರು ಕಾಣಲಿಲ್ಲ.

"ನನಗ್ಯಾಕೆ ಹೇಳ್ಲಿಲ್ಲ?"

"ನಿಂದೂ ಪರ್ಮನೆಂಟ್ ಅಲ್ಲ. ಅಮ್ಮಂಗೆ ಬಿ.ಪಿ. ಇನ್ನೊಂದು ಕೆಲಸ ಸಿಕ್ಕಿದ ಮೇಲೆ ಹೇಳಿದ್ರಾಯ್ತು ಅಂದ್ಕೊಂಡೆ. ಈ ವಾರ ಸಿಗುತ್ತೆ, ಮುಂದಿನ ವಾರ ಸಿಗುತ್ತೆ ಅಂತ."

ಹ್ಯಾಟಿನ ಆ ಸಾಲನ್ನು ಅವರು ಟೈಪ್ ಮಾಡಲಿಲ್ಲ. ನಾನೂ ಮತ್ತೆ ಹೇಳಲಿಲ್ಲ. ಮರುದಿನ ಕ್ಲಾಸಿನಲ್ಲಿ ಬಾಯಲ್ಲೇ ಹೇಳಿದೆ. ಉಲ್ಲಾಳದಿಂದ ಬಸ್ಸಿನಲ್ಲಿ ಬರುವ ಹುಡುಗಿಯೊಬ್ಬಳು ಕೇಳಿದಳು, "ಮಿಸ್, ಅವ್ರು ಮನೇಲಿ ಯಾಕೆ ಹೇಳ್ತಿರಲಿಲ್ಲ?"

ದುಡಿದು ತರುವವನೇ ಗಂಡಸು ಎಂಬ ಅಂದಿನ ನಂಬಿಕೆಯ ಬಗ್ಗೆ ನನ್ನಲ್ಲಿ ಒಂದು ಸಿದ್ಧ ಉತ್ತರವಿತ್ತು. ಅದನ್ನು ಬಿಟ್ಟೆ. "ಮನೆಯವರು ಹೆದರ್ಕೋತಾರೆ ಅಂತ ಇರಬೇಕಮ್ಮ. ಅವರಿಗೂ ಹೆದರಿಕೆ ಇತ್ತು" ಅಂದೆ.

"ಆಮೇಲೆ ಸರಿಹೋಯ್ತಾ ಮಿಸ್?"

ಸರ್ಕಾರ ರಸ್ತೆ, ಅಣೆಕಟ್ಟು, ಪಾರ್ಕುಗಳ ಕೆಲಸ ಶುರು ಮಾಡಿದ್ದು, ಮುದುಕರಿಗೆ ಪಿಂಚಣಿ ತಂದದ್ದು, ಕೆಲಸ ಹೋದವರಿಗೆ ನೆರವಿನ ಕಾನೂನು ಬಂದದ್ದು ಹೇಳಿದೆ. "ಆದರೆ ಎಲ್ಲರಿಗೂ ಒಟ್ಟಿಗೇ ಸರಿಹೋಗಲಿಲ್ಲ. ಕೆಲವರು ವರ್ಷಗಟ್ಟಲೆ ಕಾದರು" ಎಂದೂ ಹೇಳಿದೆ.

ಅತ್ತೆಗೆ ಭಾನುವಾರ ಹೇಳಿದೆವು. ಅವರು ಟಿವಿ ಆರಿಸಿ ಮಗನ ಕಡೆ ತಿರುಗಿದರು. "ಬಿಸಿಲಲ್ಲಿ ಕೂರ್ತಿದ್ಯಾ?" ಎಂದು ಮಾತ್ರ ಕೇಳಿದರು. ಆ ಸಂಜೆ ಅವರ ಬಿ.ಪಿ. ಏರಿತು. ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆವು. ಡಾಕ್ಟರು ಮಾತ್ರೆ ಬದಲಾಯಿಸಿ ಕಳಿಸಿದರು. ಹೇಳಬಾರದಿತ್ತು ಎಂದು ದಾರಿಯುದ್ದಕ್ಕೂ ಇವರು, ಹೇಳದೆ ಎಷ್ಟು ದಿನ ಎಂದು ನಾನು.

ಕೆಲಸ ಸಿಗಲು ಇನ್ನೂ ಮೂರು ತಿಂಗಳು ಹಿಡಿಯಿತು. ಈಗ ಕಾಮಾಕ್ಷಿಪಾಳ್ಯದ ಒಂದು ಗೋಡೌನಿನಲ್ಲಿ ಸರಕು ಪರೀಕ್ಷಿಸುತ್ತಾರೆ. ದಿನವಿಡೀ ನಿಂತೇ ಇರುವ ಕೆಲಸ, ಸಂಬಳ ಮೊದಲಿಗಿಂತ ಕಡಿಮೆ. ಸಂಜೆ ಬಂದವರು ಕಾಲು ಚಾಚಿ ಕೂತು, ಇಂದು ಯಾರು ಬಂದರು, ಯಾರನ್ನು ಕೆಲಸದಿಂದ ಬಿಡಿಸಿದರು ಎಲ್ಲ ಹೇಳುತ್ತಾರೆ. ಎಷ್ಟೋ ಸಲ ಕೇಳುವುದೇ ಕಷ್ಟವಾಗುತ್ತದೆ. ಆದರೂ ಕೇಳುತ್ತೇನೆ.

ಮುಂದಿನ ಸೆಮಿಸ್ಟರಿನ ಅತಿಥಿ ಉಪನ್ಯಾಸಕರ ಪಟ್ಟಿ ಸೋಮವಾರ ಹಾಕುತ್ತಾರಂತೆ. ಈ ಸಲ ಇತಿಹಾಸಕ್ಕೆ ಸೇರಿದ ಮಕ್ಕಳು ಕಡಿಮೆ, ನನ್ನ ಹೆಸರು ಇಲ್ಲದೆಯೂ ಇರಬಹುದು. ನಿನ್ನೆ ಇವರಿಗೆ ಅದನ್ನು ಹೇಳಿದೆ. "ಎಷ್ಟು ಗಂಟೆಗೆ ಹಾಕ್ತಾರೆ?" ಎಂದು ಕೇಳಿದರು. ಹನ್ನೊಂದಕ್ಕೆ ಅಂದೆ.

"ಸರಿ, ಆ ಹೊತ್ತಿಗೆ ಫೋನ್ ಕೈಯಲ್ಲೇ ಇಟ್ಕೊಂಡಿರ್ತೀನಿ."