ಅರ್ಧ ತಾಸಿನ ಹಸಿರು ಬಳೆ

ನನ್ನ ಅಕ್ಷರ ದುಂಡಗಿಲ್ಲ. ಒಂಬತ್ತನೆಯ ತರಗತಿಗೇ ಶಾಲೆ ಬಿಟ್ಟವಳು, ಮಾತು ಜೋಡಿಸುವುದೂ ಸರಿಯಾಗಿ ಬರುವುದಿಲ್ಲ. ಓದುವವರು ಬೇಸರ ಮಾಡಿಕೊಳ್ಳಬಾರದು. ಅಂಕಲಿಯ ಬಳೆಗಾರ್ತಿ ಭೀಮಾಬಾಯಿಯನ್ನು ಎರಡೆರಡು ಸಲ ಕೇಳಿಕೊಂಡೇ ಇದನ್ನು ಬರೆದಿದ್ದೇನೆ.

ಭೀಮಾಬಾಯಿಗೆ ಊರ ಹೆಂಗಸರ ಮುಖಕ್ಕಿಂತ ಕೈಯ ಪರಿಚಯವೇ ಹೆಚ್ಚು. ಯಾರ ಹೆಬ್ಬೆರಳ ಬುಡ ಗಟ್ಟಿ, ಯಾರ ಗೆಣ್ಣು ದಪ್ಪ, ಕೈ ಹಿಡಿದರೆ ಸಾಕು, ಎಲ್ಲ ತಿಳಿಯುತ್ತದೆ. ಕೈ ಬಿಗಿ ಹಿಡಿದವರಿಗೆ ಬಳೆ ಏರುವುದಿಲ್ಲ, ಒಡೆಯುತ್ತದೆ. ಅಂಥವರನ್ನು ಆಕೆ ತವರಿನ ಸುದ್ದಿಗೆ ಎಳೆಯುತ್ತಿದ್ದಳು. ತವರಿನ ಮಾತು ಬಂದರೆ ಬಾಯಿಯ ಜೊತೆ ಬೆರಳೂ ಸಡಿಲಾಗುತ್ತದೆ. ಅಷ್ಟರಲ್ಲಿ ಬಳೆ ಮಣಿಕಟ್ಟಿಗೆ ಬಂದು ಕೂತಿರುತ್ತದೆ.

ಕೊರೋನಾ ಬಂದಾಗ ಆಕೆಗೆ ಮೊದಲು ತಪ್ಪಿದ್ದು ಈ ಕೈ ಹಿಡಿಯುವುದೇ. ಹೊರಗಿನವರು ಒಳಗೆ ಬರದಂತೆ ಓಣಿ ಓಣಿಗೆ ಮುಳ್ಳುಕಂಟಿ ಬಿತ್ತು. ಭೀಮಾಬಾಯಿ ಸುಮ್ಮನೆ ಕೂರಲಿಲ್ಲ. ಅಳತೆ ಕಳಿಸಿದರೆ ಬಳೆಗಳನ್ನು ಕಂಟಿಯ ಹತ್ತಿರ ಇಟ್ಟು ಬರುತ್ತೇನೆ ಎಂದು ಎಲ್ಲರಿಗೂ ಫೋನ್ ಮಾಡಿದಳು. ಹೆಂಗಸರು ದಾರದಲ್ಲಿ ಅಳತೆ ತೆಗೆದು ಹಾಲಿನವನ ಕೈಯಲ್ಲಿ ಕಳಿಸಿದರು. ಎಲ್ಲರೂ ಸುತ್ತಿದ್ದು ಮಣಿಕಟ್ಟಿಗೆ! ಬಳೆ ದಾಟಬೇಕಾದದ್ದು ಮುಷ್ಟಿಯನ್ನು ಎಂದು ಒಬ್ಬರಿಗೂ ಹೊಳೆದಿರಲಿಲ್ಲ. ಇಷ್ಟು ವರ್ಷ ಕೈಯನ್ನು ಆಕೆಗೆ ಒಪ್ಪಿಸಿ ತವರಿನ ಮಾತಾಡುತ್ತ ಕೂತವರಲ್ಲವೇ? ದಾರಗಳನ್ನು ಮಡಿಲಲ್ಲಿಟ್ಟುಕೊಂಡು ಭೀಮಾಬಾಯಿ ಮೊದಲು ನಕ್ಕಳು, ಆಮೇಲೆ ಅತ್ತಳು.

ಮರುವರ್ಷ ಲಸಿಕೆ ಬಂತು. ಇದರಿಂದಲಾದರೂ ಜನ ಮತ್ತೆ ಕೈ ಕೊಡುತ್ತಾರೆ ಎಂದು ಭೀಮಾಬಾಯಿ ಮೊದಲ ದಿನವೇ ಹಾಕಿಸಿಕೊಂಡಳು. ಜ್ವರ ಬಂದು ಎರಡು ದಿನ ಮನೆಯಿಂದ ಹೊರಬೀಳಲಿಲ್ಲ. ಅಷ್ಟಕ್ಕೇ ಬಳೆಗಾರ್ತಿ ತೀರಿಹೋದಳೆಂಬ ಸುದ್ದಿ ಏಕಸಂಬಿಯವರೆಗೂ ಮುಟ್ಟಿತು. ಕೆಳಗಿನ ಓಣಿಯಲ್ಲಿ ಸೀತವ್ವನೆಂಬ ಹಿರಿಯಳಿದ್ದಾಳೆ. ಅಲ್ಲಿನ ಹೆಂಗಸರಿಗೆ ಆಕೆ ಹೇಳಿದ್ದೇ ಕೊನೆಯ ಮಾತು. "ಯಾರೂ ಆ ಸೂಜಿ ಚುಚ್ಚಿಸ್ಕೋಬ್ಯಾಡ್ರಿ" ಅಂದಳು. ಮುಗಿಯಿತು.

ಮೂರನೆಯ ದಿನ ಭೀಮಾಬಾಯಿ ಬುಟ್ಟಿ ಹೊತ್ತು, ಆ ಓಣಿಯಲ್ಲಿ ಇನ್ನೂ ತೆಗೆಯದ ಕಂಟಿಯ ಈಚೆ ನಿಂತು ಕೂಗಿದಳು.

"ಆಯಿ, ಬಳಿ ಬೇಕೇನ್ರಿ?"

ಸೀತವ್ವ ಕಟ್ಟೆಯಿಂದ ಎದ್ದೇಬಿಟ್ಟಳು. "ಲೇ ಭೀಮಿ! ನೀ ಸತ್ತೀ ಅಂತ ನಾ ಮುಂಜಾನಿ ಚಹಾನೂ ಕುಡದಿಲ್ಲಲೇ!"

"ಕುಡದ ಬರ್ರಿ ಮತ್ತ. ಸತ್ತಾಕಿ ಇಲ್ಲೇ ನಿಂತಿರ್ತಾಳ."

ಬಾಗಿಲ ಹಿಂದಿನ ಹೆಂಗಸರು ಕಿಸಕ್ಕನೆ ನಕ್ಕರು. ಸೀತವ್ವ ನಗಲಿಲ್ಲ. "ಜ್ವರ ಬಂದಿದ್ದು ಖರೇ ಹೌದಿಲ್ಲೋ?"

"ಖರೇರಿ. ಬಂತು, ಹೋತು. ಕೈನೂ ನೋಯಾಕತ್ತಿತ್ತು, ಸುಳ್ಳ ಯಾಕ ಹೇಳ್ಲಿ? ಆದ್ರ ಆಯಿ, ನಾ ಸೂಜಿ ಹಾಕಿಸ್ಕೊಂಡಿದ್ದ ನಿಮ್ಮ ಕೈ ಹಿಡ್ಯಾಕ. ನೀವ ಕೈ ಕೊಡಲಿಲ್ಲಂದ್ರ ನಂದೇನ ಉಳೀತ್ರಿ?"

ಸೀತವ್ವ ತನ್ನ ಕೈ ನೋಡಿಕೊಂಡಳು. ಹಸಿರು ಬಳೆಗಳಲ್ಲಿ ಒಡೆಯದೆ ಉಳಿದದ್ದು ಕೈಗೊಂದೇ.

"ನಾಳೆ ಸೂಜಿಗೆ ಬರ್ತೇನಿ. ನೀ ಕೈ ಹಿಡಕೊಂಡ ಕುಂಡ್ರಬೇಕ ನೋಡ" ಎಂದಳು.

ಮರುದಿನ ಸೀತವ್ವನ ಹಿಂದೆ ಓಣಿಯೇ ಶಾಲೆಗೆ ಬಂತು. ಬರೀ ನೋಡುವುದಕ್ಕೆ. ಅಲ್ಲಿ ನರ್ಸ್ ಶುಭಾಂಗಿ ಸೂಜಿ ಹಾಕುತ್ತಿದ್ದಳು. ಸೀತವ್ವನ ಖಣದ ಕುಪ್ಪಸದ ತೋಳು ಮೊಳಕೈವರೆಗೂ ಬಿಗಿ, ಎಳೆದಷ್ಟೂ ಮೇಲೇರಲೊಲ್ಲದು. "ಸಡ್ಲ ಬಿಡ್ರಿ ಅಜ್ಜಿ" ಎಂದು ಶುಭಾಂಗಿ ಹೇಳಿದಷ್ಟೂ ಕೈ ಕೊರಡಾಯಿತು.

"ನನ್ನ ಕಡಿಂದ ಆಗೂದಿಲ್ಲ, ಹೋಗ್ತೇನಿ" ಎಂದು ಸೀತವ್ವ ಎದ್ದಳು.

ಆಕೆ ಹೋದರೆ ಓಣಿಯೂ ಹೋಗುತ್ತದೆ. ಭೀಮಾಬಾಯಿ ಎದುರಿಗೆ ಕೂತು ಆಕೆಯ ಅಂಗೈ ಹಿಡಿದುಕೊಂಡಳು.

"ಆಯಿ, ಅಥಣಿಯಿಂದ ನಿಮ್ಮ ಅಣ್ಣ ಒಣದ್ರಾಕ್ಷಿ ಕಳಸ್ಯಾನೇನ್ರಿ ಈ ವರ್ಷ?"

ಸೀತವ್ವ ಮತ್ತೆ ಕೂತಳು. "ಕಳಸ್ಯಾನ ಬೇ, ಒಂದ ಮುಷ್ಟಿ! ಅಂವಂದೇನ ತಪ್ಪಿಲ್ಲ. ನಮ್ಮ ವೈನಿ ಅದಾಳಲ್ಲ, ಒಂದೊಂದ ಕಾಳ ಮೂಸಿ ನೋಡಿ, ಚಲೋವೆಲ್ಲ ತನ್ನ ತವರಿಗೆ ಕಟ್ಟಿ..."

ಅತ್ತಿಗೆಯ ಗುಣಗಾನ ನಡೆದಂತೆ ಬೆರಳುಗಳು ಬಿಡಿಸಿಕೊಂಡವು. ಬಳೆಯನ್ನು ಗೆಣ್ಣು ದಾಟಿಸುವ ಹಾಗೆ ಭೀಮಾಬಾಯಿ ಕುಪ್ಪಸದ ತೋಳನ್ನು ಅಷ್ಟಷ್ಟೇ ಮೇಲೆ ಸರಿಸಿ ಕಣ್ಸನ್ನೆ ಮಾಡಿದಳು. ಶುಭಾಂಗಿ ಚುಚ್ಚಿ, ಹತ್ತಿ ಒತ್ತಿದಳು. ಸೀತವ್ವ ಇನ್ನೂ ವೈನಿಯನ್ನು ಬಿಟ್ಟಿರಲಿಲ್ಲ.

"ಯಾವಾಗ ಚುಚ್ಚತೀಯವಾ?" ಎಂದಳು ಕೊನೆಗೆ.

"ಆತ್ರಿ ಅಜ್ಜಿ. ಅರ್ಧ ತಾಸ ಇಲ್ಲೇ ಕೂಡ್ರಿ, ಆಮ್ಯಾಲ ಹೋಗ್ರಿ."

ಅರ್ಧ ತಾಸು! ಭೀಮಾಬಾಯಿಯ ಕಣ್ಣು ಮೂಲೆಯಲ್ಲಿಟ್ಟಿದ್ದ ಬುಟ್ಟಿಯ ಮೇಲೆ ಹೋಯಿತು. "ಮ್ಯಾಡಂ, ಅಷ್ಟರಾಗ ನಾ ಬಳಿ ಇಡಸ್ಲೇನ್ರಿ?"

ಶುಭಾಂಗಿ ಯೋಚಿಸಿದಳು. "ಹೊರಗ, ನಳದ ಹತ್ರ. ಮಾಸ್ಕ್ ತಗೀಬಾರದು. ಇಬ್ರೂ ಸಾಬೂನ ಹಚ್ಚಿ ಕೈ ತೊಳೀಬೇಕು."

ಸಾಬೂನಿಗೆ ಭೀಮಾಬಾಯಿ ಬೇಡವೆನ್ನುತ್ತಾಳೆಯೇ? ನೊರೆ ಹಚ್ಚಿದ ಕೈಗೇ ಬಳೆ ಸಲೀಸಾಗಿ ಏರುವುದು. ವರ್ಷದ ಮೇಲೆ ಆಕೆಯ ಅಂಗೈಯಲ್ಲಿ ಒಂದು ಒದ್ದೆ ಕೈ ಬಂದು ಕೂತಿತು. ಸೂಜಿ ಹಾಕಿದ ಎಡಗೈಯನ್ನು ಎಳೆಯದೆ, ಮಡಿಲಲ್ಲೇ ಇರಿಸಿಕೊಂಡು ಒಂದೊಂದಾಗಿ ಏರಿಸಿದಳು. ಒಂದೂ ಒಡೆಯಲಿಲ್ಲ.

ಸೀತವ್ವ ಎರಡೂ ಕೈ ಅಲುಗಿಸಿ ಸದ್ದು ಕೇಳಿದಳು. ಓಣಿಯ ಹೆಂಗಸರ ಜೊತೆ ದೂರ ನಿಂತಿದ್ದ ಅಕ್ಕವ್ವ ಮೆಲ್ಲಗೆ ಹತ್ತಿರ ಬಂದಳು.

"ಭೀಮಕ್ಕಾ, ನನ್ನ ಅಳತೀವು ಅದಾವೇನು?"

"ಅದಾವು. ಮೊದ್ಲ ಆ ಸೂಜಿ ಪಾಳೇದಾಗ ನಿಂದ್ರು."

ಆ ದಿನ ಕೆಳಗಿನ ಓಣಿಯ ಹದಿನೇಳು ಹೆಂಗಸರು ಸೂಜಿಯನ್ನೂ ಬಳೆಯನ್ನೂ ಹಾಕಿಸಿಕೊಂಡರು. ಸಂಜೆ ಓಣಿಯ ಕಂಟಿಯನ್ನು ಸೀತವ್ವ ತಾನೇ ನಿಂತು ತೆಗೆಸಿದಳು. ಮುಂದಿನ ವಾರ ಶುಭಾಂಗಿ ಏಕಸಂಬಿಗೆ ಹೋಗುವಾಗ ಭೀಮಾಬಾಯಿಗೂ ಬುಟ್ಟಿ ತೆಗೆದುಕೊಂಡು ಬಾ ಎಂದಳು.

ನಾಳೆ ನಾನು ಇದನ್ನು ಭೀಮಾಬಾಯಿಗೆ ಓದಿ ಹೇಳುತ್ತೇನೆ. ತಪ್ಪು ಎಂದ ಕಡೆ ತಿದ್ದಿ, ಮತ್ತೊಮ್ಮೆ ದುಂಡಗೆ ಬರೆಯುತ್ತೇನೆ.