ಕೋಡಿಂಬಾಳದಲ್ಲಿ ನಿಲ್ಲುವ ರೈಲು

ಮಿಕ್ಸಿ ರಿಪೇರಿಯವನಾದ ನನ್ನನ್ನು ಕೋಡಿಂಬಾಳದ ಮನೆಯೊಂದಕ್ಕೆ ಕರೆದದ್ದು ರೈಲು ಸರಿಮಾಡಲಿಕ್ಕೆ! ಗಲ್ಫ್ ಬಿಟ್ಟು ಬಂದ ಯಜಮಾನರು ಚಾವಡಿಯಲ್ಲಿ ಪ್ಲೈವುಡ್ ಹಲಗೆಯ ಮೇಲೆ ಕರೆಂಟಿನ ಆಟದ ರೈಲಿಗೆ ಪುಟ್ಟ ಹಳಿ ಹಾಕಿ, ಊರಿನ ಸ್ಟೇಷನ್ನನ್ನೇ ಕಟ್ಟಿದ್ದರು. ಈಗ ಅವರಿಲ್ಲ.

"ಪ್ರತಿ ಸುತ್ತಿಗೂ ಸ್ಟೇಷನ್ ಎದುರು ನಿಲ್ತದೆ," ಎಂದರು ಅವರ ಹೆಂಡತಿ ಐಸಮ್ಮ. "ಆಗೆಲ್ಲ ಇವರು ಅಡುಗೆಮನೆಯಲ್ಲಿದ್ದ ನನ್ನನ್ನು ಕರೆಯುದು, ಬಾ, ಒಮ್ಮೆ ದೂಡು ಅಂತ. ಚಾ ಉಕ್ಕುತ್ತುಂಟು ಅಂತ ನಾನು ಬೈಯುದು. ಇನ್ನು ಕರೆಯುವವರಿಲ್ಲ, ತಾನಾಗಿ ಓಡ್ಲಿ."

ನೋಡಿದರೆ ಹಾಳಾದದ್ದು ಎಂತದೂ ಇಲ್ಲ. ಸ್ಟೇಷನ್ ಎದುರಿನ ಗೇಣುದ್ದದ ಹಳಿಯನ್ನು ಎರಡೂ ಕಡೆ ನಾಜೂಕಾಗಿ ಕೊಯ್ದು, ಕರೆಂಟು ದಾಟದಂತೆ ಸಂದಿಗೆ ಪ್ಲಾಸ್ಟಿಕ್ ಇಟ್ಟಿದ್ದರು.

"ಇದು ಬೇಕಂತಲೇ ಮಾಡಿದ್ದು ಐಸಮ್ಮ. ರೈಲು ಇಲ್ಲಿ ನಿಲ್ಲಲೇಬೇಕು ಅಂತ."

ಅವರು ಬಗ್ಗಿ ಆ ಸಂದಿಯನ್ನು ಬೆರಳಲ್ಲಿ ಮುಟ್ಟಿ ನೋಡಿದರು.

"ಬೆಸೆದು ಬಿಡ್ಲಾ?"

"ಬೇಡ," ಎಂದು ಚಾ ಇಡಲು ಒಳಗೆ ಹೋದರು.

ಸ್ವಿಚ್ ಹಾಕಿದೆ. ರೈಲು ಸುತ್ತಿ ಬಂದು ಸ್ಟೇಷನ್ನಿನಲ್ಲಿ ನಿಂತಿತು. ಬೆರಳು ಚಾಚಿದರೆ ನಾನೇ ದೂಡಬಹುದಿತ್ತು. "ನಿಂತಿತು, ಬನ್ನಿ!" ಎಂದು ಕೂಗಿದೆ.

"ಇಲ್ಲಿ ಚಾ ಉಕ್ಕುತ್ತುಂಟು ಮಾರಾಯ," ಎಂದು ಬೈಯುತ್ತಲೇ ಬಂದು ರೈಲನ್ನು ದೂಡಿದರು.

ಉಕ್ಕಿ ಉಳಿದದ್ದು ಅರ್ಧ ಲೋಟ ಚಾ. ಪ್ರತಿ ಸುತ್ತಿಗೂ ಅವರನ್ನು ಕರೆಯುತ್ತಾ ಅದನ್ನು ಕುಡಿದು ಮುಗಿಸಲಿಕ್ಕೆ ನನಗೆ ಬಹಳ ಹೊತ್ತು ಬೇಕಾಯಿತು.