ಬೆಲ್ಲವಿಲ್ಲದ ಬುಟ್ಟಿ

ಬಳ್ಳಾರಿಯಲ್ಲಿ ಹಿಮ ಬೀಳುವುದು ಡಿಸೆಂಬರ್ ತಿಂಗಳಿನ ಮಧ್ಯಭಾಗದಲ್ಲಿ, ಅದೂ ಗಾಂಧಿನಗರದ ಫ್ಯಾನ್ಸಿ ಅಂಗಡಿಗಳ ಗಾಜಿನ ಹಿಂದೆ ಮಾತ್ರ. ಹೊರಗೆ ಬಿಸಿಲು ಎಂದಿನ ನಿಷ್ಠೆಯಿಂದ ತನ್ನ ಕರ್ತವ್ಯವನ್ನು ನಿರ್ವಹಿಸುತ್ತಿರುತ್ತದೆ, ಕಬ್ಬಿನ ಹಾಲಿನ ಗಾಣ ಗಿರಗಿರನೆ ತಿರುಗುತ್ತಿರುತ್ತದೆ. ಒಳಗೆ ಮಾತ್ರ ಪ್ಲಾಸ್ಟಿಕ್ಕಿನ ದೇವದಾರು ವೃಕ್ಷಗಳು ಹೆಗಲ ಮೇಲೆ ಶುಭ್ರಧವಳ ಹಿಮವನ್ನು ಹೊತ್ತು ಗಂಭೀರವಾಗಿ ನಿಂತಿರುತ್ತವೆ. ಅದು ಹಿಮವಲ್ಲ, ಹತ್ತಿ ಎಂಬುದು ನಮ್ಮೂರಿನ ಹಸುಗೂಸಿಗೂ ಗೊತ್ತು. ಊರಿನ ಸುತ್ತಲೂ ಎರೆಹೊಲಗಳಲ್ಲಿ ಹತ್ತಿ ಬಿರಿದು ನಿಂತಿರುವಾಗ ಹಿಮದ ಅಭಾವವೆಂದು ಕೊರಗುವ ಅಗತ್ಯವಾದರೂ ಏನಿದೆ?

ಕಳೆದ ಡಿಸೆಂಬರಿನಲ್ಲಿ ನಾನು ಆ ಗಾಜಿನ ಮುಂದೆ ತರಕಾರಿ ಚೀಲ ಹಿಡಿದುಕೊಂಡು ಸ್ವಲ್ಪ ಹೆಚ್ಚೇ ಹೊತ್ತು ನಿಂತೆ. ಐವತ್ತು ದಾಟಿದ, ಕನ್ನಡಕದ ಹೆಂಗಸೊಬ್ಬಳು ಹಾಗೆ ನಿಂತರೆ ಅಂಗಡಿಯವರು ಸುಮ್ಮನಿರುತ್ತಾರೆಯೆ? "ಒಳಗ ಬರ್ರಿ ಮೇಡಂ, ಏನ್ ತೋರಿಸ್ಲಿ?" ಎಂದು ಒಬ್ಬಾಕೆ ಬಾಗಿಲಿಗೇ ಬಂದಳು. ನನಗೆ ಬೇಕಾದದ್ದು ಏನೂ ಇರಲಿಲ್ಲ. ಮನೆಗೆ ಹೋಗಲು ಮನಸ್ಸಿರಲಿಲ್ಲ, ಅಷ್ಟೆ. ಅದನ್ನು ಅಂಗಡಿಯಾಕೆಗೆ ಹೇಳುವುದು ಹೇಗೆ? ಬೇಡವಾದ ಒಂದು ಬಣ್ಣದ ಮೇಣದಬತ್ತಿಯನ್ನು ಕೊಂಡು, ಗಿರಾಕಿಯ ಮಾನ ಉಳಿಸಿಕೊಂಡು ಹೊರಟೆ.

ಹತ್ತಿಯ ವಿಷಯಕ್ಕೆ ಬರುತ್ತೇನೆ. ನಮ್ಮ ಮನೆಗೂ ಪಕ್ಕದ ಎಸ್ತೇರಳ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಅವರ ಕುಕ್ಕರಿನ ಸೀಟಿಗೆ ನಾವು ಒಲೆ ಆರಿಸಲು ಏಳುತ್ತಿದ್ದುದೂ ಉಂಟು. ನಮ್ಮದು ವೈಷ್ಣವರ ಮನೆ, ಇದ್ದವರು ಅಮ್ಮ, ನಾನು ಇಬ್ಬರೇ. ಅಮ್ಮನ ಮಡಿಯಂತೂ ಆ ಗೋಡೆಗಿಂತ ಗಟ್ಟಿ. ಆದರೆ ಎಸ್ತೇರ್ ಮದುವೆಯಾಗಿ ಆ ಮನೆಗೆ ಬಂದ ಮೊದಲ ವರ್ಷವೇ ಕ್ರಿಸ್‌ಮಸ್ಸಿಗೆ ಗೋದಲಿ ಕಟ್ಟುತ್ತಾರೆ, ಅದರಲ್ಲಿ ಕೂಸನ್ನು ಮಲಗಿಸುತ್ತಾರೆ ಎಂದು ತಿಳಿದದ್ದೇ ತಡ, ಅಮ್ಮ ದೇವರ ಬತ್ತಿಗೆಂದು ಬಿಡಿಸಿ ಹಿಂಜಿಟ್ಟಿದ್ದ ಹತ್ತಿಯನ್ನೆಲ್ಲ ಒಂದು ಡಬ್ಬಿಯಲ್ಲಿ ತುಂಬಿ ನನ್ನ ಕೈಯಲ್ಲಿ ಕಳಿಸಿದಳು. ಅವರು ಅದನ್ನು ಸಂತೋಷದಿಂದ ಗೋದಲಿಯ ಮಾಡಿನ ಮೇಲೆ ಹಿಮವೆಂದು ಉದುರಿಸಿದರು. ನೋಡಲು ಹೋದ ಅಮ್ಮ ಹೊಸ್ತಿಲಾಚೆಯೇ ನಿಂತು ಕೆಂಡಾಮಂಡಲವಾದಳು. "ಮಾಡಿನ ಮ್ಯಾಲ ಯಾಕ ಹಾಕೀರಿ? ಛಳಿಗಾಲದಾಗ ಹುಟ್ಟಿದ ಕೂಸು, ಅದೂ ಕೊಟ್ಟಿಗ್ಯಾಗ. ಕೆಳಗ ಮೆತ್ತಗ ಹಾಸ್ರಿ!" ಆ ವರ್ಷದಿಂದ ಎಸ್ತೇರಳ ಗೋದಲಿಯಲ್ಲಿ ಹಿಮ ಬೀಳುವುದು ನಿಂತಿತು, ಕೂಸು ಮಾತ್ರ ಹತ್ತಿಯಲ್ಲಿ ಕಿವಿಯವರೆಗೂ ಹೂತುಹೋಗಿ ಬೆಚ್ಚಗೆ ಮಲಗಿತು.

ಇದಕ್ಕೆ ಪ್ರತಿಯಾಗಿ ಏನು ಕಳಿಸುವುದು ಎಂಬುದು ಅವರ ಮನೆಯಲ್ಲಿ ದೊಡ್ಡ ಸಮಸ್ಯೆಯಾಯಿತು. ಕೇಕು ಕಳಿಸುವಂತಿಲ್ಲ, ಕರ್ಜಿಕಾಯಿ ಕಳಿಸುವಂತಿಲ್ಲ. ಬೇರೆಯವರ ಒಲೆಯ ಮೇಲೆ ಬೆಂದದ್ದು ಯಾವುದೂ ಅಮ್ಮನಿಗೆ ಸಲ್ಲದು. ಎಸ್ತೇರ್ ಬಹಳ ಯೋಚಿಸಿ ಸ್ವಯಂಪಾಕವನ್ನು ಕಂಡುಹಿಡಿದಳು. ಪುರೋಹಿತರಿಗೆ ಕೊಡುತ್ತಾರಲ್ಲ, ಬೇಯಿಸದ ಸಾಮಾನು, ಅದು. ಹೊಸ ಬಿದಿರ ಬುಟ್ಟಿಯಲ್ಲಿ ಅಕ್ಕಿ, ಬೆಲ್ಲ, ಒಣಕೊಬ್ಬರಿ, ಏಲಕ್ಕಿ, ನಮ್ಮೂರಿನ ಅಂಜೂರ, ಮೇಲೊಂದು ಎಳೆಯ ಬಾಳೆ ಎಲೆ. ಅವಳು ಕಲಿಸುತ್ತಿದ್ದ ಸಿರುಗುಪ್ಪದ ಶಾಲೆಗೆ ಮಕ್ಕಳನ್ನು ಕಳಿಸುವ ದೇಶನೂರಿನ ಮನೆಯೊಂದರಿಂದ ಸುಗ್ಗಿಯ ಹೊಸ ಅಕ್ಕಿ ಅವಳಿಗೆ ಬರುತ್ತಿತ್ತು. ಅದರಲ್ಲಿ ಮೊದಲ ಪಾಲು ನಮಗೆ. ಅಮ್ಮ ಬುಟ್ಟಿಗೆ ನೀರು ಪ್ರೋಕ್ಷಿಸಿ ಒಳಗೆ ತೆಗೆದುಕೊಂಡು, ಪಾಯಸ ಮಾಡಿ, ಕೃಷ್ಣನಿಗೆ ನೈವೇದ್ಯ ತೋರಿಸಿ, ಅರ್ಧವನ್ನು ಎಸ್ತೇರಳ ಮನೆಗೆ ಕಳಿಸುತ್ತಿದ್ದಳು. ಕ್ರಿಸ್‌ಮಸ್ಸಿನ ದಿನ ಏಕಾದಶಿ ಬಿದ್ದರೆ ಮರುದಿನದ ಪಾರಣೆಯವರೆಗೆ ಎರಡೂ ಮನೆಯವರು ಪಾಯಸಕ್ಕಾಗಿ ಕಾಯಬೇಕಾಗುತ್ತಿತ್ತು. ಎಸ್ತೇರಳ ಮನೆಯವರು ಕಾಯುತ್ತಿದ್ದರು ಕೂಡ! ಪಾಯಸ ಆ ಕಡೆಗೆ ಹೋಗಬಹುದು, ಈ ಕಡೆಗೆ ಬರಬಾರದು ಎಂಬ ಈ ಏಕಮುಖ ಸಂಚಾರದ ಬಗ್ಗೆ ಯಾರೂ ಚಕಾರ ಎತ್ತಿದವರಲ್ಲ.

ನಾನೂ ಎಸ್ತೇರಳೂ ಗೆಳತಿಯರಾದದ್ದು ಆ ಗೋಡೆಯಿಂದಲ್ಲ, ಸಿರುಗುಪ್ಪದ ಬಸ್ಸಿನಿಂದ. ಅವಳದು ಅಲ್ಲಿ ಶಾಲೆ, ನನ್ನದು ಅಲ್ಲಿ ಬ್ಯಾಂಕು. ಆ ರಸ್ತೆಯಲ್ಲಿ ದಿನವೂ ಓಡಾಡಿದವರ ಬೆನ್ನುಮೂಳೆಯ ವೃತ್ತಾಂತವನ್ನು ಇಲ್ಲಿ ವಿಸ್ತರಿಸುವುದಿಲ್ಲ. ಒಂದು ಕ್ರಿಸ್‌ಮಸ್ಸಿಗೆ ಎಸ್ತೇರ್ ತನ್ನ ಹಳೆಯ ಹಸಿರು ಸೀರೆಯನ್ನು ಹೊಲಿದು, ಹತ್ತಿ ತುಂಬಿ, ನನಗೊಂದು ಪುಟ್ಟ ಮೆತ್ತೆ ಮಾಡಿಕೊಟ್ಟಳು. "ಕಿಡಕಿ ಕಡೀ ಸೀಟು ನಂದು, ಮೆತ್ತಿ ನಿಂದು. ನ್ಯಾಯ ಅಂದ್ರ ನ್ಯಾಯ" ಎಂದಳು. ಲೋಕದಲ್ಲಿ ರೇಷ್ಮೆ ಸೀರೆ, ಚಿನ್ನದುಂಗುರಗಳನ್ನು ಉಡುಗೊರೆಯಾಗಿ ಪಡೆದ ಸೌಭಾಗ್ಯವತಿಯರು ಅನೇಕರಿದ್ದಾರೆ. ಆದರೆ ನನ್ನ ಶರೀರದ ಯಾವ ಭಾಗ ಯಾವ ಗುಂಡಿಯಲ್ಲಿ ಎಷ್ಟು ನೋಯುತ್ತದೆಂದು ಲೆಕ್ಕವಿಟ್ಟು ಉಡುಗೊರೆ ಕೊಟ್ಟವಳು ಅವಳೊಬ್ಬಳೇ. ಮುಂದೆ ನನಗೆ ಕುರುಗೋಡಿಗೆ ವರ್ಗವಾದಾಗ ಮೆತ್ತೆಯೂ ಜೊತೆಗೆ ಬಂತು. ಅಲ್ಲಿಯೂ ಪ್ರೀತಿಯ ಉಡುಗೊರೆಗಳಿಗೆ ಬರವಿರಲಿಲ್ಲ. ಬಾದನಹಟ್ಟಿಯ ಅಜ್ಜಿಯೊಬ್ಬಳು ತನ್ನ ಪಿಂಚಣಿ ಬಂದ ಖುಷಿಗೆ ಒಂದು ಚೀಲ ಒಣಮೆಣಸಿನಕಾಯಿಯನ್ನು ನನ್ನ ಮೇಜಿನ ಮೇಲೆ ಸುರಿದು ಆಶೀರ್ವದಿಸಿದ್ದಳು. ಆ ಮಧ್ಯಾಹ್ನ ಇಡೀ ಶಾಖೆ, ಮ್ಯಾನೇಜರರನ್ನು ಮೊದಲ್ಗೊಂಡು, ಸೀನಿಕೊಂಡೇ ವ್ಯವಹಾರ ನಡೆಸಿತು.

ಸಿರುಗುಪ್ಪದ ಬಸ್ಸಿನ ಆ ದಿನಗಳಲ್ಲಿ, ಕೂತು ತಿನ್ನುವಾಗಲೂ ಎಸ್ತೇರ್ ನನ್ನ ಡಬ್ಬಿಯಿಂದ ತಿನ್ನುತ್ತಿದ್ದಳೇ ಹೊರತು ತನ್ನ ಡಬ್ಬಿಯನ್ನು ನನ್ನ ಕಡೆಗೆ ಚಾಚುತ್ತಿರಲಿಲ್ಲ. ನನಗೆಂದು ಸುಲಿಯದ ಬಾಳೆಹಣ್ಣು, ಕತ್ತರಿಸದ ಪೇರಲ ತರುತ್ತಿದ್ದಳು. "ನಾಳಿ ಏಕಾದಶಿ ಐತಿ, ಅಮ್ಮಾರಿಗೆ ಹಣ್ಣು ತಗೊಂಡೀಯೇನು?" ಎಂದು ನನಗೇ ನೆನಪಿಸುವಷ್ಟರ ಮಟ್ಟಿಗೆ ಅವಳು ನಮ್ಮ ಪಂಚಾಂಗದಲ್ಲಿ ಪಾರಂಗತಳಾಗಿದ್ದಳು. ನಾನು ಕೇಳಲಿಲ್ಲ, ಅವಳು ಕೊಡಲಿಲ್ಲ. ಸ್ನೇಹದ ಸೂಕ್ಷ್ಮತೆ ಎಂದರೆ ಇದೇ ಎಂದು ನಾವಿಬ್ಬರೂ ಒಳಗೊಳಗೇ ಹೆಮ್ಮೆಪಡುತ್ತಿದ್ದೆವು.

ಕಳೆದ ವರ್ಷ ಆಷಾಢದಲ್ಲಿ ಅಮ್ಮ ತೀರಿಕೊಂಡಳು. ರಾಯಚೂರಿನ ಅಣ್ಣ ಬಂದು ಮಾಡಬೇಕಾದ್ದನ್ನೆಲ್ಲ ಮಾಡಿ, ಮಾಸಿಕಗಳನ್ನು ತನ್ನ ಮನೆಗೆ ಕೊಂಡೊಯ್ದ. ಕರ್ಮಗಳೆಲ್ಲ ಅವನ ಪಾಲಿಗೆ ಹೋಗಿ, ನಿಷೇಧಗಳು ಮಾತ್ರ ನನ್ನ ಪಾಲಿಗೆ ಉಳಿದವು. ಸಾವಾದ ಮನೆಯಲ್ಲಿ ವರ್ಷ ಕಳೆಯುವವರೆಗೆ ಹಬ್ಬವಿಲ್ಲ; ಆ ಮನೆಗೆ ಯಾರೂ ಸಿಹಿ ಕಳಿಸುವುದಿಲ್ಲ, ಹಬ್ಬದ ದಿನ ಬಾಗಿಲು ತಟ್ಟುವುದಿಲ್ಲ. ಇದು ನಮ್ಮ ಕಡೆಯ ಮರ್ಯಾದೆ. ಹಿಂದೆ ಬೇರೆಯವರ ವಿಷಯದಲ್ಲಿ ಈ ಮರ್ಯಾದೆಯನ್ನು ನಾನೂ ಚಾಚೂ ತಪ್ಪದೆ ಪಾಲಿಸಿದವಳೇ. ಆದರೆ ಮರ್ಯಾದೆಯನ್ನು ಕೊಡುವುದಕ್ಕೂ ಅದನ್ನು ಹೊತ್ತು ಒಬ್ಬಳೇ ಕೂರುವುದಕ್ಕೂ ಇರುವ ವ್ಯತ್ಯಾಸ ಆಗ ತಿಳಿದಿರಲಿಲ್ಲ. ಗಣಪತಿ ಬಂದು ಹೋದ, ದಸರೆ ಹೋಯಿತು. ದೀಪಾವಳಿಯ ಸಂಜೆ ಓಣಿಯ ಹೆಂಗಸರು ತಟ್ಟೆಗಳಿಗೆ ಕ್ರೋಶಾ ಬಟ್ಟೆ ಮುಚ್ಚಿಕೊಂಡು ಮನೆಯಿಂದ ಮನೆಗೆ ಓಡಾಡುವಾಗ, ನಮ್ಮ ಗೇಟಿನ ಮುಂದೆ ಬಂದವರು ದನಿ ತಗ್ಗಿಸಿ, ಹೆಜ್ಜೆ ಬೇಗ ಹಾಕಿ ದಾಟಿ ಹೋಗುತ್ತಿದ್ದುದನ್ನು ನಾನು ಕಿಟಕಿಯ ಹಿಂದಿನಿಂದ ನೋಡಿದೆ. ಅವರಲ್ಲಿ ಒಬ್ಬರೂ ಕೆಟ್ಟವರಲ್ಲ. ಎಲ್ಲರೂ ನನ್ನ ದುಃಖಕ್ಕೆ ಭಂಗ ಬರಬಾರದೆಂದು ಕಾಳಜಿ ವಹಿಸಿದವರೇ. ಆ ಕಾಳಜಿಯಲ್ಲಿ ನನಗೆ ಉಸಿರು ಕಟ್ಟಿತು.

ಒಬ್ಬಳಿಗೆಂದು ಅಡುಗೆ ಮಾಡಿ ನೋಡಿದ್ದೀರಾ? ಒಂದು ಮುಷ್ಟಿ ಅಕ್ಕಿ ಹಾಕಿದರೆ ಕುಕ್ಕರಿಗೇ ನಾಚಿಕೆಯಾಗಿ ಸೀಟಿ ಹೊಡೆಯುವುದಿಲ್ಲ. ಸಾರು ಮಾಡಿದರೆ ಮೂರು ದಿನ ಅದೇ ಸಾರು. ಕೊನೆಗೆ ನಾನು ಅವಲಕ್ಕಿ, ಮೊಸರು, ಮಂಡಕ್ಕಿ ಎಂಬ ಒಲೆಯ ಹಂಗಿಲ್ಲದ ಆಹಾರಕ್ಕೆ ಬಂದು ನಿಂತಿದ್ದೆ. ಬ್ಯಾಂಕಿನಲ್ಲಿ ಕೇಳಿದವರಿಗೆ "ಡಯಟ್" ಎನ್ನುತ್ತಿದ್ದೆ. ಈ ಶಬ್ದದ ಮುಂದೆ ಯಾರೂ ಎರಡನೆಯ ಪ್ರಶ್ನೆ ಕೇಳುವುದಿಲ್ಲ.

ಹೀಗಿರುವಾಗ ಡಿಸೆಂಬರ್ ಬಂತು. ಎಸ್ತೇರಳ ಮನೆಯ ಮುಂದೆ ಕಾಗದದ ನಕ್ಷತ್ರ ತೂಗಿತು. ಗೋಡೆಯಾಚೆ ಆದೋನಿಯಿಂದ, ಗುಂತಕಲ್ಲಿನಿಂದ ನೆಂಟರು ಬಂದಿಳಿದರು. ಈ ಸಲ ಬುಟ್ಟಿ ಬರುತ್ತದೆಯೋ ಇಲ್ಲವೋ ಎಂಬ ಒಂದೇ ಯೋಚನೆ ನನ್ನನ್ನು ಹಿಡಿದುಕೊಂಡಿತ್ತು. ಬಂದರೆ ಪಾಯಸ ಮಾಡುವವರು ಯಾರು ಎಂಬ ಅಳುಕು. ಬರದಿದ್ದರೆ ಎಂಬುದನ್ನು ಯೋಚಿಸುವ ಧೈರ್ಯವೇ ಇರಲಿಲ್ಲ. ಎಸ್ತೇರ್ ಒಂದು ಮಾತು "ಊಟಕ್ಕ ಬಾ" ಎಂದರೆ ಸಾಕಿತ್ತು. ಅದು ಅವಳ ಬಾಯಿಂದ ಬರುವುದಿಲ್ಲವೆಂದೂ ಗೊತ್ತಿತ್ತು. ನಾನಾಗಿ ಕೇಳುವುದಕ್ಕೆ ನನಗೆ ಸಂಕೋಚ.

ಕ್ರಿಸ್‌ಮಸ್ಸಿನ ಬೆಳಗ್ಗೆ ಚರ್ಚಿಗೆ ಹೊರಡುವ ಮೊದಲು ಅವಳೇ ಬುಟ್ಟಿ ತಂದಳು. ಗೇಟಿನ ಒಳಗೆ ಕಾಲಿಡಲಿಲ್ಲ. ಹಬ್ಬದ ಹೊಸ ಸೀರೆ ನನ್ನ ಕಣ್ಣಿಗೆ ಬೀಳದಿರಲೆಂದೋ ಏನೋ, ಮೈತುಂಬ ಒಂದು ಹಳೆಯ ಶಾಲು ಹೊದ್ದಿದ್ದಳು. "ಈ ವರ್ಷ ನಿಮಗ ಹಬ್ಬ ಇಲ್ಲಲ್ಲ ಸುಧಾ, ಸಿಹಿ ಸಾಮಾನು ಏನೂ ಇಟ್ಟಿಲ್ಲ. ಸುಮ್ನ ಒಪ್ಪತ್ತಿನ ಊಟಕ್ಕ ಅಂತ" ಎಂದು ಮೆಲ್ಲಗೆ ಹೇಳಿ, ನಾನು ಶುಭಾಶಯ ಹೇಳುವಷ್ಟರಲ್ಲೇ ತಿರುಗಿ ಹೊರಟುಹೋದಳು.

ಬುಟ್ಟಿಯಲ್ಲಿ ದೇಶನೂರಿನ ಹೊಸ ಅಕ್ಕಿಯಿತ್ತು, ತೊಗರಿಬೇಳೆಯಿತ್ತು, ಹುಣಸೆಹಣ್ಣು, ನಾಲ್ಕು ಬದನೆಕಾಯಿ, ಒಂದು ಸಣ್ಣ ಡಬ್ಬಿ ತುಪ್ಪ. ಬೆಲ್ಲವಿರಲಿಲ್ಲ. ಏಲಕ್ಕಿಯಿರಲಿಲ್ಲ, ಅಂಜೂರವಿರಲಿಲ್ಲ. ಇಷ್ಟು ಯೋಚಿಸಿ ಕೊಟ್ಟ ಉಡುಗೊರೆ ನನಗೆ ಜನ್ಮದಲ್ಲಿ ಬಂದಿರಲಿಲ್ಲ. ಇಷ್ಟು ನೋಯಿಸಿದ್ದೂ ಬಂದಿರಲಿಲ್ಲ. ನಮ್ಮ ಆಚಾರವನ್ನು ನನಗಿಂತ ಚೆನ್ನಾಗಿ ಕಲಿತ ಈ ಗೆಳತಿಯ ಮೇಲೆ ಸಿಟ್ಟು ಬಂತು. ಅಮ್ಮ ಹೋದ ದಿನದಿಂದ ಯಾರ ಎದುರಿಗೂ ಅಳದವಳು ಆ ಬದನೆಕಾಯಿಗಳ ಎದುರಿಗೆ ಕೂತು ಅತ್ತೆ.

ಮಧ್ಯಾಹ್ನವಾಯಿತು. ಗೋಡೆಯಾಚೆ ತೆಲುಗಿನಲ್ಲಿ ಒಂದೇ ಗಲಗಲ. "ಇಂಕೊಂಚೆಂ ವೇಸ್ಕೋ, ಇಂಕೊಂಚೆಂ!" ಎಂದು ಯಾರೋ ಯಾರಿಗೋ ಒತ್ತಾಯ ಮಾಡುತ್ತಿದ್ದರು. ನನ್ನ ಮುಂದೆ ನೆನೆಸಿದ ಅವಲಕ್ಕಿಯಿತ್ತು. ಇನ್ನಷ್ಟು ಹಾಕಿಕೋ ಎಂದು ನನಗೆ ಯಾರಾದರೂ ಹೇಳಿ ಎಷ್ಟು ತಿಂಗಳಾಯಿತು ಎಂಬ ಯೋಚನೆ ಬಂದದ್ದೇ, ತಟ್ಟೆಯನ್ನು ಬದಿಗೆ ಸರಿಸಿ, ಬುಟ್ಟಿಯನ್ನು ಕಂಕುಳಲ್ಲಿ ಇರುಕಿಕೊಂಡು ಎದ್ದೆ. ಚಪ್ಪಲಿ ಹಾಕಿಕೊಳ್ಳಲೂ ನಿಲ್ಲಲಿಲ್ಲ, ನಿಂತಿದ್ದರೆ ಹೋಗುತ್ತಿರಲಿಲ್ಲ.

ಹಿತ್ತಲ ಬಾಗಿಲಿನಿಂದ ಅವರ ಅಡುಗೆಮನೆಗೆ ಹೋದೆ. ಸೆರಗು ಸಿಕ್ಕಿಸಿಕೊಂಡು ನಿಂತಿದ್ದ ಎಸ್ತೇರ್ ಬುಟ್ಟಿಯನ್ನು ನೋಡಿ ಬಿಳಿಚಿಕೊಂಡಳು. "ಯಾಕ ಲೇ, ಏನಾರ ತಪ್ಪಾತೇನು? ಬದನಿಕಾಯಿ ಇಡಬಾರದಿತ್ತೇನು?"

"ನನಗ ಹಸಿವ್ಯಾಗ್ಯದ ಎಸ್ತೇರ್" ಎಂದೆ. ಬರುವಾಗ ಏನೇನೋ ಹೇಳಬೇಕೆಂದುಕೊಂಡಿದ್ದೆ. ಬಾಯಿಗೆ ಬಂದದ್ದು ಇಷ್ಟೇ.

ಅವಳು ಒಮ್ಮೆ ನನ್ನನ್ನು, ಒಮ್ಮೆ ಒಲೆಯನ್ನು ನೋಡಿದಳು. ನಾನು ಈ ಮನೆಯಲ್ಲಿ ಉಣ್ಣಬಹುದೆಂದು ಯಾರೂ ಎಣಿಸಿರಲಿಲ್ಲವಾಗಿ, ಆ ಹಬ್ಬದಡುಗೆಯಲ್ಲಿ ನಾನು ತಿನ್ನುವಂಥದ್ದು ಒಂದು ತುತ್ತೂ ಇರಲಿಲ್ಲ. "ಎಲ್ಲಾ ಪಾತ್ರಿಗೂ ಮಾಂಸ ಮುಟ್ಟೈತಿ ಲೇ" ಎಂದು ಅಳುವಂತಾದಳು. ಅಷ್ಟರಲ್ಲಿ ಏನೋ ಹೊಳೆದು, ನಾದಿನಿ ಕ್ರಿಸ್‌ಮಸ್ಸಿಗೆಂದು ಆದೋನಿಯಿಂದ ತಂದ ಸ್ಟೀಲಿನ ಪಾತ್ರೆಯನ್ನು ಡಬ್ಬಿಯಿಂದ ಕಿತ್ತು, ಅಂಟಿಸಿದ್ದ ಚೀಟಿಯನ್ನು ಉಗುರಿನಿಂದ ಕೆರೆದು, ತಿಕ್ಕಿ ತಿಕ್ಕಿ ತೊಳೆದು, ಬುಟ್ಟಿಯ ಅಕ್ಕಿಯನ್ನೇ ತೊಳೆದು ಇಟ್ಟಳು. ನೆಂಟರ ತಲೆಗಳು ಬಾಗಿಲಲ್ಲಿ ಇಣುಕಿದವು; ಅವರನ್ನು ತೆಲುಗಿನಲ್ಲೇ ಗದರಿಸಿ ಆಚೆ ಅಟ್ಟಿದಳು.

ಹೊಸ ಅಕ್ಕಿಯಾದ್ದರಿಂದ ಅನ್ನ ಮುದ್ದೆಯಾಗಿತ್ತು. ನನ್ನನ್ನು ನೆಲದ ಮೇಲೆ ಮಣೆ ಹಾಕಿ ಕೂರಿಸಿ, ಎಲೆ ಹಾಸಿ, ಪಾತ್ರೆಯನ್ನು ಪಕ್ಕದಲ್ಲಿಟ್ಟು, ಸೌಟಿನ ಹಿಡಿಯನ್ನು ನನ್ನ ಕಡೆಗೆ ತಿರುಗಿಸಿ ಎಸ್ತೇರ್ ಹಿಂದಕ್ಕೆ ಸರಿದು ನಿಂತಳು. "ನೀನ ಹಾಕ್ಕೋ" ಎಂದಳು.

ನಾನು ಸೌಟು ತೆಗೆದು ಅವಳ ಕಡೆಗೆ ಚಾಚಿದೆ. "ನೀನು ಬಡಸು."

ಅವಳು ಸೌಟು ಹಿಡಿದಳು, ಆದರೆ ಬಗ್ಗಲಿಲ್ಲ. "ಅಮ್ಮಾರು ಇದ್ದಿದ್ರ..." ಎಂದು ಅರ್ಧಕ್ಕೇ ನಿಲ್ಲಿಸಿದಳು.

"ಅಮ್ಮ ಇಲ್ಲ" ಎಂದೆ.

ಅಷ್ಟು ತಿಂಗಳಲ್ಲಿ ಆ ಮಾತನ್ನು ನಾನು ಬಾಯಿಬಿಟ್ಟು ಆಡಿದ್ದು ಅದೇ ಮೊದಲು. ಎಸ್ತೇರ್ ಶಾಲಿಲ್ಲದ ಹೊಸ ಸೀರೆಯ ಸೆರಗಿನಿಂದ ಕಣ್ಣೊರೆಸಿಕೊಂಡು, ಬಗ್ಗಿ ಒಂದು ಸೌಟು ಅನ್ನ ಬಡಿಸಿದಳು. ಇನ್ನೊಂದು ಸೌಟು ತುಂಬಿ, ಹಾಕಲೋ ಬೇಡವೋ ಎಂದು ನನ್ನ ಕೈಯನ್ನೇ ನೋಡುತ್ತ ನಿಂತಳು. ಸಾಕೆನ್ನಲು ಎಲೆಗೆ ಕೈ ಅಡ್ಡ ಹಿಡಿಯುವುದು ನಮ್ಮ ಮನೆಯ ಮರ್ಯಾದೆ. ನಾನು ಕೈಯನ್ನು ಮಡಿಲಲ್ಲೇ ಇಟ್ಟುಕೊಂಡೆ.